ಗುಡಿ ಜಗಲಿಯಿಂದ ಶಾಲೆ ಅಂಗಳಕ್ಕೆ ಬಂದ ಗ್ರಾಮಸಭೆ

ನಮ್ಮ ಪಂಚಾಯಿತಿಯಲ್ಲಿ ಗ್ರಾಮಸಭೆ ಎಂದರೆ ಮೊದಲಿನಿಂದಲೂ ಗುಡಿ ಜಗಲಿಯ ಮೇಲೆ. ಬರಬೇಡಿ ಎಂದು ಯಾರೂ ಯಾರಿಗೂ ಹೇಳಿದ್ದಿಲ್ಲ. ಆದರೆ ನಮ್ಮ ಕೇರಿಯವರು ಆ ಜಗಲಿ ಹತ್ತುತ್ತಿರಲಿಲ್ಲ. ಕೆಳಗೆ ಬೇವಿನ ಮರದ ಹತ್ತಿರ ನಿಂತು, ಮೈಕಿನಲ್ಲಿ ಕೇಳಿಸಿದಷ್ಟು ಕೇಳಿ, ಹೆಬ್ಬೆಟ್ಟು ಒತ್ತಿ ಬರುತ್ತಿದ್ದರು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಇಲ್ಲವೇ 100 ಜನ ಸೇರದಿದ್ದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಹಾಜರಿ, ಆಗುವುದಿಲ್ಲ. ಅದಕ್ಕೆ ಆ ಹೆಬ್ಬೆಟ್ಟು ಬೇಕಿತ್ತು. ಸಭೆಯ ಡಂಗುರ ಸಾರುವವನೂ ನಮ್ಮ ಕೇರಿಯವನೇ ಎಂಬುದು ಬೇರೆ ಮಾತು.

ನಾನು ಪರಿಶಿಷ್ಟ ಜಾತಿ ಮಹಿಳಾ ಮೀಸಲಿನಲ್ಲಿ ಗೆದ್ದ ಸದಸ್ಯೆ. ಪಂಚಾಯಿತಿ ಸ್ಥಾನಗಳಲ್ಲಿ ಅರ್ಧ ಹೆಂಗಸರಿಗೆ ಎಂದು ಕರ್ನಾಟಕದಲ್ಲಿ 2010ರಲ್ಲೇ ಆಗಿದೆ. ಆದರೂ ಮೊದಲ ಸಾಮಾನ್ಯ ಸಭೆಯಲ್ಲಿ ಹಿರಿಯರೊಬ್ಬರು, "ಕೂಲಿ ಬಿಟ್ಟು ನೀನ್ಯಾಕವ್ವ ಬಂದೆ? ಯಜಮಾನ್ರನ್ನ ಕಳ್ಸಿದ್ರೆ ಆಗ್ತಿತ್ತಲ್ಲ" ಎಂದರು. ಪ್ರೀತಿಯಿಂದಲೇ ಅಂದರು, ಅದಕ್ಕೇ ಉತ್ತರ ಕೊಡುವುದು ಕಷ್ಟ.

ನಾನು ಮೊದಲು ಕೈಹಾಕಿದ್ದು ಜಾಗಕ್ಕೆ, ಹೊತ್ತಿಗೆ. ಗ್ರಾಮಸಭೆಗೆ ಮುಂಚೆ ಆಯಾ ವಾರ್ಡಿನ ಮತದಾರರ ವಾರ್ಡ್ ಸಭೆ ನಡೆಯಬೇಕು ಎಂದು ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ ಅದು ಪುಸ್ತಕದಲ್ಲಷ್ಟೇ ನಡೆಯುತ್ತಿತ್ತು. ಅದನ್ನು ನಮ್ಮ ಕೇರಿಯ ಅಂಗನವಾಡಿ ಮುಂದೆ, ಕೂಲಿಯವರು ಬಂದು ಕೈಕಾಲು ತೊಳೆದುಕೊಂಡ ಮೇಲೆ ಕರೆಯಿರಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಬರೆದು ಸ್ವೀಕೃತಿ ಪಡೆದೆ. ಗ್ರಾಮಸಭೆಯನ್ನು ಶಾಲೆ ಅಂಗಳಕ್ಕೆ ತರುವಾಗ ಮಾತ್ರ ಜಗಳವೇ ಆಯಿತು. "ದೇವ್ರ ಮುಂದೆ ಯಾರೂ ಸುಳ್ಳು ಹೇಳಲ್ಲ, ಅದಕ್ಕೇ ಅಲ್ಲಿ ಮಾಡೋದು" ಎಂದರು ಜಗಲಿಯ ಕಡೆಯವರು. ಕೊನೆಗೆ ಮಳೆ ನೆಪಕ್ಕೆ ಬಂತು: ಶಾಲೆಯಲ್ಲಿ ಶೀಟಿನ ಸೂರಿದೆ. ಜಾತಿಯ ಮಾತೆತ್ತಿದ್ದರೆ ಒಪ್ಪುತ್ತಿರಲಿಲ್ಲ. ವಿಷಯ ಅದೇ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಬಂದು ಕೂತರೆ ಮುಗಿಯಲಿಲ್ಲ, ಆಡಿದ್ದು ಸಭೆಯ ನಡಾವಳಿ ಪುಸ್ತಕಕ್ಕೆ ಇಳಿಯಬೇಕು. ಸ್ಮಶಾನಕ್ಕೆ ದಾರಿ ಕೇಳಿದ ಅಜ್ಜಿಯ ಮಾತು "ಮೂಲಸೌಕರ್ಯಗಳ ಬಗ್ಗೆ ಚರ್ಚಿಸಲಾಯಿತು" ಎಂದಾಗಿತ್ತು. ಓದಿ ಹೇಳುವ ತನಕ ಯಾರೂ ಸಹಿ ಹಾಕಬೇಡಿ ಎಂದು ಹೇಳಿಕೊಟ್ಟಿದ್ದೆ. ಸಭೆಯ ಉಸ್ತುವಾರಿಗೆ ಬಂದಿದ್ದ ನೋಡಲ್ ಅಧಿಕಾರಿ ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ನೋಡಿದರು. ಅಜ್ಜಿ ಬಿಡಲಿಲ್ಲ: "ಸ್ವಾಮಿ, ನನ್ ಹೆಸ್ರು ಬರೀರಿ, ದಾರಿ ಅಂತ ಬರೀರಿ, ಆಮೇಲೆ ಹೆಬ್ಬೆಟ್ಟು." ಬರೆದರು.

ದಾರಿಗೆ ಜಲ್ಲಿ ಬಿತ್ತು. ಮನೆಗಳ ಫಲಾನುಭವಿ ಪಟ್ಟಿ ಮಾತ್ರ ಇವತ್ತಿಗೂ ಸಭೆಗೆ ಮುಂಚೆಯೇ ಯಾರದೋ ಜೇಬಿನಲ್ಲಿ ತಯಾರಾಗಿರುತ್ತದೆ. ಅದನ್ನು ವಾರ್ಡ್ ಸಭೆಯಲ್ಲೇ ಒಂದೊಂದು ಹೆಸರೂ ಓದಿಸಬೇಕೆಂದು ಈಗ ಪಟ್ಟು ಹಿಡಿದಿದ್ದೇವೆ. ಇಟ್ಟಿಗೆ ಗೂಡಿಗೆ, ಬೆಂಗಳೂರಿಗೆ ದುಡಿಯಲು ಹೋದವರ ಪರವಾಗಿ ಮನೆಯಲ್ಲುಳಿದ ಮುದುಕರೇ ಎದ್ದು ಹೆಸರು ಹೇಳುತ್ತಿದ್ದಾರೆ.