ಕೌಂಟರ್ ಹುಡುಗನಿಗೂ ಲೈಸೆನ್ಸ್ ಬೇಕಾ? ತೂಗಿ ನೋಡುವುದು ಹೀಗೆ

ಅಮೆರಿಕದ ಟೆಕ್ಸಾಸ್‌ನಲ್ಲಿ ಗಿರವಿ ಅಂಗಡಿಗೆ ಒಂದು ಲೈಸೆನ್ಸ್ ಇದೆ. ಅದು ಸರಿ. ಆದರೆ ಬಹಳ ವರ್ಷ ಅಲ್ಲಿ ಕೌಂಟರಿನಲ್ಲಿ ಕೂತು ಚೀಟಿ ಬರೆಯುವ ಕೆಲಸಗಾರನಿಗೂ ಬೇರೆ ಲೈಸೆನ್ಸ್ ಇತ್ತು. 2019ರಲ್ಲಿ ಅಲ್ಲಿನ ಶಾಸನಸಭೆ ಈ ಎರಡನೆಯದನ್ನು ಕೈಬಿಟ್ಟಿತು. ಅಂಗಡಿಯ ಲೈಸೆನ್ಸ್ ಹಾಗೇ ಉಳಿಯಿತು.

ಯಾವುದೋ ಕೆಲಸಕ್ಕೆ ಸರ್ಕಾರದ ಅನುಮತಿ ಬೇಕೋ ಬೇಡವೋ ಅಂತ ಯೋಚಿಸುವವರಿಗೆ ಇದು ಒಳ್ಳೆಯ ಉದಾಹರಣೆ. 2015ರಲ್ಲಿ ಶ್ವೇತಭವನ ಹೊರತಂದ ವರದಿಯ ಪ್ರಕಾರ ಅಮೆರಿಕದ ಕಾಲು ಭಾಗಕ್ಕಿಂತ ಜಾಸ್ತಿ ಕೆಲಸಗಾರರಿಗೆ ಲೈಸೆನ್ಸ್ ಬೇಕು. 1950ರ ದಶಕದಲ್ಲಿ ಇದು ನೂರಕ್ಕೆ ಐದೂ ಇರಲಿಲ್ಲ. ಇಷ್ಟೊಂದು ಲೈಸೆನ್ಸ್‌ಗಳಲ್ಲಿ ಯಾವುದು ನಿಜಕ್ಕೂ ಬೇಕು, ಯಾವುದು ಸುಮ್ನೆ? ಹೀಗೆ ನೋಡಿ.

ಹೆಜ್ಜೆ 1: ಲೈಸೆನ್ಸ್ ಯಾರ ಹೆಸರಲ್ಲಿದೆ ನೋಡಿ

ಅಂಗಡಿಗೋ, ಮಾಲೀಕನಿಗೋ, ಸಂಬಳಕ್ಕಿರುವವನಿಗೋ? ಈ ಮೂರನ್ನು ಒಂದೇ ಗಂಟು ಕಟ್ಟಿದರೆ ಚರ್ಚೆ ಅಲ್ಲಿಗೇ ಕೆಟ್ಟಿತು. ನಮ್ಮ ಕರ್ನಾಟಕದಲ್ಲಿ 1961ರ ಗಿರವಿದಾರರ ಕಾಯ್ದೆ ಇದೆ. ಅದರ ಪ್ರಕಾರ ಲೈಸೆನ್ಸ್ ಪಡೆಯಬೇಕಾದವನು ವ್ಯವಹಾರ ನಡೆಸುವ ಗಿರವಿದಾರ. ಒರೆಗಲ್ಲಿಗೆ ಉಜ್ಜಿ ನೋಡುವ, ಲೆಕ್ಕ ಬರೆಯುವ ಹುಡುಗನನ್ನು ಯಾರೂ ಲೈಸೆನ್ಸ್ ಕೇಳುವುದಿಲ್ಲ. ಬ್ಯಾಂಕಿನಲ್ಲಿ ಚಿನ್ನ ಪರೀಕ್ಷಿಸುವವರನ್ನೂ ಬ್ಯಾಂಕೇ ಆರಿಸಿ ಪಟ್ಟಿಗೆ ಹಾಕಿಕೊಳ್ಳುತ್ತದೆ.

ಹೆಜ್ಜೆ 2: ಯಾವ ತೊಂದರೆ ತಪ್ಪಿಸಲು ಅಂತ ಬಿಡಿಸಿ ಬರೆಯಿರಿ

‘ಜನರ ರಕ್ಷಣೆಗೆ’ ಅಂತ ಬರೆದರೆ ಏನೂ ಬರೆದಂತಲ್ಲ. ಗಿರವಿ ಅಂಗಡಿಯಲ್ಲಿ ತೊಂದರೆ ಮೂರು ಬಗೆ. ಕದ್ದ ಮಾಲು ಒಳಗೆ ಬರಬಹುದು. ಬಡ್ಡಿಯಲ್ಲಿ ಮೋಸ ಆಗಬಹುದು. ಇಟ್ಟ ವಸ್ತು ಕಳೆದುಹೋಗಬಹುದು, ಇಲ್ಲವೇ ಬದಲಾಗಬಹುದು.

ಹೆಜ್ಜೆ 3: ಅದನ್ನು ಈಗಾಗಲೇ ತಡೆಯುತ್ತಿರುವುದು ಏನು?

ಇದೇ ಮುಖ್ಯ ಹೆಜ್ಜೆ. ಆತುರ ಬೇಡ, ಕೌಂಟರ್ ಪಕ್ಕ ನಿಂತು ನೋಡಿದಂತೆ ನೋಡಿ. ಟೆಕ್ಸಾಸ್‌ನಲ್ಲಿ ಒಬ್ಬ ಡ್ರಿಲ್ಲಿಂಗ್ ಮೆಷಿನ್ ತಂದು ಅಡ ಇಡುತ್ತಾನೆ ಅಂದುಕೊಳ್ಳಿ. ಕೆಲಸಗಾರ ಮೊದಲು ಅವನ ಗುರುತಿನ ಚೀಟಿ ಕೇಳುತ್ತಾನೆ. ಮೆಷಿನ್ ತಿರುಗಿಸಿ ಸೀರಿಯಲ್ ನಂಬರ್ ಬರೆದುಕೊಳ್ಳುತ್ತಾನೆ. ಚೀಟಿಯಲ್ಲಿ ಕೊಟ್ಟ ಹಣ, ಬಡ್ಡಿ, ವರ್ಷದ ಲೆಕ್ಕದಲ್ಲಿ ಬಡ್ಡಿ ದರ, ಬಿಡಿಸಿಕೊಳ್ಳಬೇಕಾದ ತಾರೀಖು, ಎಲ್ಲಾ ಇರಬೇಕು. ವರ್ಷದ ದರವನ್ನು ತೋರಿಸಲೇಬೇಕು ಅನ್ನುವುದು ಅಮೆರಿಕದ ಕೇಂದ್ರ ಸರ್ಕಾರದ ಸಾಲ ಕಾನೂನು. ಅಡ ಇಟ್ಟ ವಸ್ತುಗಳ ವಿವರ ಪೊಲೀಸರಿಗೂ ಸಿಗುತ್ತದೆ. ಬಂದೂಕು ಅಡ ಹಿಡಿಯುವ ಅಂಗಡಿಗೆ ಕೇಂದ್ರದ ಇನ್ನೊಂದು ಲೈಸೆನ್ಸ್ ಬೇರೆ ಬೇಕು.

ಈಗ ಹೇಳಿ, ಕಳ್ಳಮಾಲು ಸಿಕ್ಕಿಬೀಳುವುದು ಯಾವುದರಿಂದ? ಆ ಸೀರಿಯಲ್ ನಂಬರಿನಿಂದ. ಚೀಟಿ ಬರೆದವನ ಜೇಬಿನಲ್ಲಿರುವ ಕಾರ್ಡಿನಿಂದ ಅಲ್ಲ, ಅಲ್ವಾ? ಕದ್ದದ್ದು ಅಂತ ಗೊತ್ತಿದ್ದೂ ತೆಗೆದುಕೊಂಡರೆ ಅದು ಹೇಗೂ ಅಪರಾಧವೇ. ನಮ್ಮಲ್ಲೂ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಇದಕ್ಕೇ ಇದೆ.

ಬಡ್ಡಿಯ ಮಾತಿಗೆ ಬಂದರೆ, ಟೆಕ್ಸಾಸ್‌ನಲ್ಲಿ ಸಣ್ಣ ಸಾಲಕ್ಕೆ ತಿಂಗಳಿಗೆ ನೂರಕ್ಕೆ 20ರವರೆಗೂ ಕಾನೂನೇ ಬಿಡುತ್ತದೆ. ವರ್ಷಕ್ಕೆ ನೂರಕ್ಕೆ 240! ಗ್ರಾಹಕನ ಜೇಬು ಖಾಲಿಯಾಗುವುದು ಇಲ್ಲಿ. ಕೌಂಟರ್ ಹುಡುಗ ಎಷ್ಟೇ ಲೈಸೆನ್ಸ್ ಇಟ್ಟುಕೊಂಡರೂ ಈ ದರದಲ್ಲಿ ಒಂದು ಪೈಸೆ ಕಡಿಮೆ ಆಗುವುದಿಲ್ಲ.

ಹೆಜ್ಜೆ 4: ಖರ್ಚು ಯಾರ ತಲೆಗೆ?

ಅರ್ಜಿ, ಶುಲ್ಕ, ಹಳೆಯ ಕೇಸುಗಳ ತಪಾಸಣೆ, ಕಾಯುವುದು. ಈ ಕೆಲಸಕ್ಕೆ ಬರುವವರು ದೊಡ್ಡ ಸಂಬಳದವರಲ್ಲ, ಬಹಳ ಕಾಲ ನಿಲ್ಲುವವರೂ ಕಡಿಮೆ. ಅರ್ಜಿಗಳನ್ನು ನೋಡುವ ಕಚೇರಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದೇ ಹೊತ್ತಿನಲ್ಲಿ ಒಂದಿಷ್ಟು ಅಂಗಡಿಗಳ ಪುಸ್ತಕ ತಪಾಸಣೆ ಮಾಡಬಹುದು.

ಹೆಜ್ಜೆ 5: ಎದುರು ವಾದವನ್ನೂ ಕೇಳಿ

‘ಹಣ, ಒಡವೆ ಮುಟ್ಟುವವನ ಹಿನ್ನೆಲೆ ನೋಡಬೇಡವೇ?’ ನ್ಯಾಯವಾದ ಪ್ರಶ್ನೆ. ನೋಡಲೇಬೇಕು. ಆದರೆ ನೋಡಬೇಕಾದವನು ಮಾಲೀಕ, ಏಕೆಂದರೆ ನಷ್ಟ ಅವನದು, ಅಂಗಡಿಯ ಲೈಸೆನ್ಸ್ ಅವನದು. ಕೆಲಸಗಾರನಿಗೆ ಬೇರೆ ಲೈಸೆನ್ಸ್ ಇದ್ದಾಗ ಏನಾದರೂ ಎಡವಟ್ಟಾದರೆ ‘ಅವನಿಗೆ ಸರ್ಕಾರವೇ ಕಾರ್ಡ್ ಕೊಟ್ಟಿತ್ತಲ್ಲ’ ಅಂತ ಮಾಲೀಕ ಕೈತೊಳೆದುಕೊಳ್ಳಲು ದಾರಿ ಆಗುತ್ತದೆ. ನನಗೆ ಈ ಲೈಸೆನ್ಸ್ ಬೇಡ ಅನ್ನಿಸುವುದು ಶುಲ್ಕಕ್ಕಿಂತ ಜಾಸ್ತಿ ಈ ಕಾರಣಕ್ಕೆ.

ಹೆಜ್ಜೆ 6: ತೆಗೆಯುವ ದಾರಿ ಹುಡುಕಿ

ಟೆಕ್ಸಾಸ್‌ನಲ್ಲಿ ಇದಕ್ಕೆ ಸಿದ್ಧ ದಾರಿಯೇ ಇದೆ. 1977ರ ‘ಸನ್‌ಸೆಟ್’ ಕಾನೂನಿನ ಪ್ರಕಾರ ಹೆಚ್ಚಿನ ಸರ್ಕಾರಿ ಸಂಸ್ಥೆಗಳಿಗೆ ಒಂದು ಕೊನೆಯ ತಾರೀಖು ಇರುತ್ತದೆ. ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಪರಿಶೀಲನೆ. ಪರಿಶೀಲನೆ ಮಾಡುವ ‘ಸನ್‌ಸೆಟ್’ ಆಯೋಗದಲ್ಲಿ 12 ಜನ: ಐವರು ಸೆನೆಟರುಗಳು, ಐವರು ಕೆಳಮನೆಯ ಸದಸ್ಯರು, ಇಬ್ಬರು ಸಾರ್ವಜನಿಕರು. ಸಿಬ್ಬಂದಿ ವರದಿ ಬರೆಯುತ್ತಾರೆ, ಬಹಿರಂಗ ವಿಚಾರಣೆ ನಡೆಯುತ್ತದೆ, ಆಮೇಲೆ ಮಸೂದೆ. ಮುಂದುವರಿಸಿ ಅಂತ ಸದನ ಕಾನೂನು ಮಾಡದಿದ್ದರೆ ಆ ಸಂಸ್ಥೆ ತಾನಾಗೇ ಮುಚ್ಚುತ್ತದೆ. ಗಿರವಿ ಅಂಗಡಿಗಳನ್ನು ನೋಡಿಕೊಳ್ಳುವ ಗ್ರಾಹಕ ಸಾಲ ಆಯುಕ್ತರ ಕಚೇರಿ ಈ ಪರಿಶೀಲನೆಗೆ ಬಂದಾಗಲೇ ಕೆಲಸಗಾರರ ಲೈಸೆನ್ಸ್ ಹೋದದ್ದು.

ನಮ್ಮಲ್ಲಿ ಹೀಗೆ ತಾನಾಗೇ ತಿರುಗಿ ನೋಡುವ ಏರ್ಪಾಡು ಇಲ್ಲ. ಬೇರೆ ಯಾವುದಾದರೂ ಕೆಲಸದ ಲೈಸೆನ್ಸ್ ಬಗ್ಗೆ ತಕರಾರು ಇದ್ದರೆ ನಿಮ್ಮ ಶಾಸಕರಿಗೆ ಬರೆಯಬಹುದು. ವಿಧಾನಸಭೆಯಲ್ಲಿ ಅರ್ಜಿ ಸಮಿತಿಯೂ ಇದೆ. ಬರೆಯುವಾಗ ಹೆಜ್ಜೆ 2 ಮತ್ತು 3ಕ್ಕೆ ನೀವು ಕಂಡುಕೊಂಡ ಉತ್ತರವನ್ನೇ ಮೊದಲ ಪುಟದಲ್ಲಿ ಹಾಕಿ. ಕಾಯ್ದೆಯ ಯಾವ ಕಲಂ ಹೋಗಬೇಕು, ಯಾವುದು ಉಳಿಯಬೇಕು ಅಂತ ನಂಬರ್ ಸಮೇತ ತಿಳಿಸಿ. ಉಳಿಯಬೇಕಾದ್ದನ್ನು ಬರೆಯಲು ಮರೆಯಬೇಡಿ. ಗಿರವಿ ಅಂಗಡಿಯ ಮಟ್ಟಿಗೆ ಅವು ಮಾಲೀಕನ ಲೈಸೆನ್ಸ್, ಚೀಟಿ, ಲೆಕ್ಕದ ಪುಸ್ತಕ ಮತ್ತು ತಪಾಸಣೆ.