ಪೆನ್ಸಿಲ್ ಕೊಡುವ ಮೊದಲು

ವಿಜಯದಶಮಿಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ತೋರುಬೆರಳು ಹಿಡಿದು ‘ಶ್ರೀ’ ಬರೆಸುತ್ತೇವೆ. ಕಲಿಕೆಯ ದೃಷ್ಟಿಯಿಂದ ನೋಡಿದರೂ ಆ ಶಾಸ್ತ್ರದಲ್ಲಿ ತಪ್ಪಿಲ್ಲ: ದೊಡ್ಡ ಅಕ್ಷರ, ಬೆರಳಿಗೆ ತಾಕುವ ಕಾಳು, ತಪ್ಪಾದರೆ ತಟ್ಟೆ ಅಲ್ಲಾಡಿಸಿದರಾಯಿತು. ಹಿಂದಿನ ಕೂಲಿ ಮಠಗಳಲ್ಲಿ, ಅಂದರೆ ಊರಿನ ಹಳೆಯ ಶಾಲೆಗಳಲ್ಲಿ, ಮರಳಿನ ಮೇಲೆ ತಿದ್ದಿಸುತ್ತಿದ್ದರು. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸರಿ ಉಜ್ಜುಕಾಗದದ ಅಕ್ಷರಗಳ ಮೇಲೆ ಮಕ್ಕಳಿಂದ ಬೆರಳಾಡಿಸಿದರು. ಎಡವಟ್ಟಾಗುವುದು ಮಾರನೆಯ ದಿನ. ಅಕ್ಕಿ ಡಬ್ಬಿಗೆ ಹೋಗುತ್ತದೆ, ಕಾಪಿ ಪುಸ್ತಕ ಬರುತ್ತದೆ, ಮೂರು ವರ್ಷದ ಮಗು ಪುಟ ತುಂಬ ‘ಅ’ ಬರೆಯಬೇಕಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವಾಗಿ ಕಂಡಿತು. 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟು 6 ವರ್ಷದೊಳಗಿನವರಿಗೆ ಪಠ್ಯಪುಸ್ತಕವೇ ಬೇಡ ಎಂದಿತು. ನಮ್ಮ ಅಂಗನವಾಡಿಗಳ ‘ಚಿಲಿಪಿಲಿ’ ಪಠ್ಯಕ್ರಮವೂ ಹಾಡು, ಕಥೆ, ಆಟಗಳ ಸುತ್ತಲೇ ಇದೆ. ಆದರೆ ಶುಲ್ಕ ಕಟ್ಟಿದ ಪೋಷಕರಿಗೆ ತುಂಬಿದ ನೋಟ್‌ಬುಕ್ ಕಾಣಬೇಕು, ಶಾಲೆಗೆ ಪೋಷಕರನ್ನು ಉಳಿಸಿಕೊಳ್ಳಬೇಕು. ಮಗುವಿನ ಕೈಯನ್ನು ಕೇಳುವವರಿಲ್ಲ. ಬರವಣಿಗೆ ಹುಟ್ಟುವ ಕ್ರಮವೇ ಬೇರೆ. ಅದನ್ನು ಮನೆಯಲ್ಲೇ ಹಂತ ಹಂತವಾಗಿ ನಡೆಸಬಹುದು.

ಮೊದಲು ಕೈ

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಬರೀ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತಾ ಬಂದು, ಕೊನೆಯದು ಗಟ್ಟಿಯಾಗತೊಡಗುವ ಹೊತ್ತಿಗೆ ಮಗುವಿಗೆ ಎಂಟು ವರ್ಷ ದಾಟಿರುತ್ತದೆ. ಬೆರಳುಗಳನ್ನು ಆಡಿಸುವ ಸ್ನಾಯುಗಳೂ ನಿಧಾನವಾಗಿಯೇ ಬಲಿಯುತ್ತವೆ. ಆದ್ದರಿಂದ ಮೂರನೇ ವರ್ಷದಲ್ಲಿ ಪೆನ್ಸಿಲ್‌ಗಿಂತ ಅಡುಗೆಮನೆ ಹೆಚ್ಚು ಕಲಿಸುತ್ತದೆ. ನೆನೆಸಿದ ಅವರೆಕಾಳು ಹಿದುಕುವುದಕ್ಕೆ ಬೇಕಾಗುವುದು ಹೆಬ್ಬೆರಳು ಮತ್ತು ತೋರುಬೆರಳಿನ ಹಿಡಿತ; ಪೆನ್ಸಿಲ್‌ಗೆ ಬೇಕಾದದ್ದೂ ಅದೇ. ಬಟಾಣಿ ಬಿಡಿಸುವುದು, ಕರಿಬೇವಿನ ಎಲೆ ಕೀಳುವುದು, ಚಪಾತಿ ಹಿಟ್ಟು ನಾದುವುದು, ಒಣಗಿದ ಬಟ್ಟೆಯ ಕ್ಲಿಪ್ ತೆಗೆಯುವುದು, ಎಲ್ಲವೂ ಆಗುತ್ತದೆ. ಮೂಗಿಗೆ ಕಾಳು ತುರುಕಿಕೊಳ್ಳುವ ವಯಸ್ಸಿದು, ಪಕ್ಕದಲ್ಲಿ ಕುಳಿತಿರಿ.

ಭುಜವನ್ನೂ ಮರೆಯಬೇಡಿ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯನ್ನು ಗೋಡೆಗೆ ಅಂಟಿಸಿ ಮೊಂಡು ಬಳಪ ಕೊಡಿ. ಗೀಚಲಿ. ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಮಗು ವೃತ್ತ ನೋಡಿ ವೃತ್ತ ಬರೆಯುತ್ತದೆ, ನಾಲ್ಕಕ್ಕೆ ಅಡ್ಡ ಉದ್ದ ಗೆರೆ ಸೇರಿಸುತ್ತದೆ, ಓರೆಗೆರೆಯ ತ್ರಿಕೋನ ಐದರ ಸುತ್ತಮುತ್ತ ಬರುತ್ತದೆ. ‘ಅ’ದಲ್ಲಿ ಸುತ್ತು, ತಿರುವು, ಮತ್ತೆ ಸುತ್ತು ಎಲ್ಲ ಒಟ್ಟಿಗೇ ಇವೆ. ಅದನ್ನೇ ಮೊದಲಿಗೆ ಆರಿಸಿದವರು ಮಗುವಿನ ಕೈ ನೋಡಿ ಆರಿಸಿದ್ದಲ್ಲ.

ಆಮೇಲೆ ಕಿವಿ

ಹೆಚ್ಚಿನವರು ಹಾರಿಬಿಡುವ ಹಂತ ಇದು, ಖರ್ಚೇ ಇಲ್ಲದ್ದು ಕೂಡ. ಓದುವುದಕ್ಕೆ ಮೊದಲು ಮಗುವಿಗೆ ಮಾತು ಸದ್ದುಗಳಾಗಿ ಒಡೆಯುತ್ತದೆ ಎಂಬುದು ತಿಳಿಯಬೇಕು. ‘ಕಮಲ’ ಎಂದು ಹೇಳಿ ಚಪ್ಪಾಳೆ ತಟ್ಟಿಸಿ: ಕ, ಮ, ಲ. ಮೂರು ಚಪ್ಪಾಳೆ, ಮೂರು ಅಕ್ಷರ. ಈ ಹೊಂದಾಣಿಕೆ ನಮ್ಮ ಲಿಪಿ ಕೊಟ್ಟಿರುವ ದೊಡ್ಡ ಅನುಕೂಲ. ಇಂಗ್ಲಿಷ್ ಕಲಿಯುವ ಮಗುವಿಗೆ ಇದು ಸಿಗುವುದಿಲ್ಲ. ನಂತರ ಮೊದಲ ಸದ್ದನ್ನು ನುಂಗುವ ಆಟ: ಕಮಲದಲ್ಲಿ ‘ಕ’ ಬಿಟ್ಟರೆ ಏನು? ನಾಲ್ಕೂವರೆ ವರ್ಷದವರು ಇದಕ್ಕೆ ಬಿದ್ದು ಬಿದ್ದು ನಗುತ್ತಾರೆ, ನಗಲಿ. ‘ಬ’ ಎಂದರೆ ಬಳೆ, ಬಸ್ಸು, ಬದನೆ ಎಂದು ಪಟ್ಟಿ ಬೆಳೆಸಬಹುದು. ಬಳೆ ಮತ್ತು ಬಾಳೆ, ಮರ ಮತ್ತು ಮಾರ ಇವುಗಳ ಹ್ರಸ್ವ ದೀರ್ಘ ಕಿವಿಗೆ ಈಗಲೇ ಬಿದ್ದರೆ ಮುಂದೆ ಕಾಗುಣಿತಕ್ಕೆ ಅರ್ಧ ದಾರಿ ಸವೆದಂತೆ.

ಒತ್ತಕ್ಷರದ ಪದಗಳನ್ನು ಈ ಆಟಕ್ಕೆ ತರಬೇಡಿ. ‘ಅಕ್ಕ’ ಕಿವಿಗೆ ಅಕ್‌, ಕ ಎಂದು ಒಡೆಯುತ್ತದೆ, ಕಾಗದದ ಮೇಲೆ ಅ, ಕ್ಕ ಎಂದು ಕೂರುತ್ತದೆ. ಈ ಗೊಂದಲ ಶಾಲೆಗೆ ಹೋದ ಮೇಲೂ ಕೆಲವು ವರ್ಷ ಇರುತ್ತದೆ.

 

ಜೊತೆಜೊತೆಗೆ ಮಾತು

ಕಥೆ ಹೇಳುವಾಗ ನಡುವೆ ನಿಲ್ಲಿಸಿ, ‘ಮುಂದೆ ನರಿ ಏನು ಮಾಡಿರಬಹುದು?’ ಎಂದು ಕೇಳಿ. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಕೇಳಿದರೆ ಮಾತು ಅಲ್ಲಿಗೇ ಸಾಯುತ್ತದೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು, ಕೊಂಕಣಿ ಯಾವುದೇ ಇರಲಿ, ಕಥೆ ಆ ನುಡಿಯಲ್ಲೇ ನಡೆಯಲಿ. ಕಥೆಯ ಜಾಡು ಹಿಡಿಯುವುದು, ಕಾರಣ ಹುಡುಕುವುದು ಒಮ್ಮೆ ಬಂದರೆ ಇನ್ನೊಂದು ಭಾಷೆಗೂ ದಾಟುತ್ತದೆ.

ಕೊನೆಗೆ ಅಕ್ಷರ

ಮಗು ಅಂಗಡಿ ಬೋರ್ಡು ತೋರಿಸಿ ‘ಇದೇನು?’ ಎಂದು ಕೇಳತೊಡಗಿದಾಗ ಶುರುಮಾಡಿ. ಐದರ ಆಸುಪಾಸು ಸಾಕು. ಅಆಇಈಯಿಂದ ಅಲ್ಲ. ಸ್ವರಗಳು ಪೂರ್ಣ ರೂಪದಲ್ಲಿ ಕಾಣುವುದು ಬಹುತೇಕ ಪದದ ಮೊದಲಲ್ಲಿ ಮಾತ್ರ, ಮಿಕ್ಕೆಡೆ ಅವು ವ್ಯಂಜನದೊಳಗೆ ಗುಣಿತವಾಗಿ ಅಡಗಿಕೊಳ್ಳುತ್ತವೆ. ಹದಿಮೂರು ಸ್ವರ ಕಲಿತ ಮಗು ಒಂದು ವಾಕ್ಯವನ್ನೂ ಓದಲಾರದು. ನಮ್ಮ ಸರ್ಕಾರಿ ಶಾಲೆಗಳ ಒಂದನೇ ತರಗತಿ ಈ ಸಮಸ್ಯೆಯನ್ನು ಎಂದೋ ಬಿಡಿಸಿಕೊಂಡಿದೆ: ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ, ಕೊನೆಗೆ ಗದಗ ಊರೂ ಬಂತು. ಮುಂದಿನ ಕಂತು ಜ, ವ, ಮ, ಬ, ನ. ಬಸವ, ವನಜ, ನಗರ ಸೇರಿದವು. ಕಲಿತ ದಿನವೇ ಓದಿದ ಖುಷಿ. ಇಂಥ ಕ್ರಮವನ್ನು ಮನೆಯ ಅಕ್ಷರಚಾರ್ಟು ಇನ್ನೂ ಒಪ್ಪಿಕೊಂಡಿಲ್ಲ ಎನ್ನುವುದು ನನಗೆ ಸೋಜಿಗ.

ಮೊದಲು ಅಕ್ಕಿಯಲ್ಲಿ, ರಂಗೋಲಿ ಪುಡಿಯಲ್ಲಿ ಬೆರಳಾಡಲಿ; ಆಮೇಲೆ ಸ್ಲೇಟು, ಗೆರೆಯಿಲ್ಲದ ಹಾಳೆ, ಕಡೆಗೆ ಗೆರೆ ಪುಸ್ತಕ. ತನ್ನ ಹೆಸರನ್ನು ಮಗು ಚಿತ್ರದಂತೆ ಗುರುತಿಸಿದರೆ ಸಾಕು, ಶ್ರೇಯಸ್, ಕೃತ್ತಿಕಾ ಎಂದು ಹೆಸರಿಟ್ಟು ಬರೆ ಎನ್ನುವುದು ನ್ಯಾಯವಲ್ಲ. ಗುಣಿತ, ಒತ್ತು ಎಲ್ಲ ಸೇರಿದರೆ ಕನ್ನಡದಲ್ಲಿ ಗುರುತಿಸಬೇಕಾದ ರೂಪಗಳು ನೂರಾರು. ಮಕ್ಕಳು ಅವನ್ನು ಪೂರ್ತಿ ವಶಮಾಡಿಕೊಳ್ಳಲು ಮೂರನೇ, ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ. ಐದನೇ ವಯಸ್ಸಿನಲ್ಲಿ ಆರು ತಿಂಗಳು ಮುಂದೆ ಓಡಿಸಿ ಗಳಿಸುವುದು ಏನೂ ಇಲ್ಲ.

ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಿದ್ದರೆ ಗಾಬರಿ ಬೇಡ, ಏಳು ವರ್ಷದವರೆಗೂ ಅದು ಸಹಜ. ಎಡಗೈಯಲ್ಲಿ ಬರೆದರೆ ಹಾಳೆಯನ್ನು ಸ್ವಲ್ಪ ಬಲಕ್ಕೆ ಓರೆಮಾಡಿ ಕೊಡಿ, ಕೈ ಬದಲಿಸಬೇಡಿ. ಎರಡು ವರ್ಷ ತುಂಬಿದರೂ ಪದ ಕೂಡಿಸಿ ಮಾತನಾಡದಿದ್ದರೆ, ನಾಲ್ಕು ದಾಟಿದರೂ ಹೊರಗಿನವರಿಗೆ ಮಾತು ಅರ್ಥವಾಗದಿದ್ದರೆ ಕಾಯಬೇಡಿ. ಮಕ್ಕಳ ವೈದ್ಯರ ಬಳಿ ಹೋಗಿ, ಮೊದಲು ಶ್ರವಣ ಪರೀಕ್ಷೆ ಮಾಡಿಸಿ.