ಹಳೇ ವಿಡಿಯೊ ಗೇಮ್ ಮತ್ತೆ ಆಡುವುದು ಹೇಗೆ?

ಚಿಕ್ಕಂದಿನಲ್ಲಿ ಊಟ, ನಿದ್ದೆ ಮರೆತು ಆಡಿದ ಗೇಮ್ ಅನ್ನು ಎಷ್ಟೋ ವರ್ಷಗಳ ಮೇಲೆ ಮತ್ತೆ ತೆರೆದವರು ಹತ್ತೇ ನಿಮಿಷಕ್ಕೆ ಮುಚ್ಚಿಡುವುದುಂಟು. ಚಿತ್ರವೆಲ್ಲ ಮಸುಕು ಮಸುಕು. ದುಂಡಗೆ ಇರಬೇಕಾದದ್ದು ಚಪ್ಪಟೆ. ಬಟನ್ ಒತ್ತಿ ಎಷ್ಟೋ ಹೊತ್ತಿಗೆ ಜಿಗಿತ. ‘ಇದನ್ನಾ ನಾವು ಅಷ್ಟು ಹಚ್ಚಿಕೊಂಡಿದ್ದು?’ ಅಂತ ಬೇಜಾರಾಗುತ್ತದೆ. ಅಷ್ಟಕ್ಕೇ ಗೇಮ್ ಅನ್ನು ದೂರಬೇಡಿ. ಹೆಚ್ಚಿನ ಸಲ ಎಡವಟ್ಟಾಗಿರುವುದು ಪರದೆಯ ಸೆಟ್ಟಿಂಗ್‌ನಲ್ಲಿ, ಕೈಯಲ್ಲಿ ಹಿಡಿದ ಕಂಟ್ರೋಲರ್‌ನಲ್ಲಿ, ಓದದೇ ಬಿಟ್ಟ ಕೈಪಿಡಿಯಲ್ಲಿ. ಇದನ್ನೆಲ್ಲ ಸರಿಮಾಡಿಕೊಳ್ಳಲು ಒಂದು ಸಂಜೆ ಸಾಕು.

1. ಒಂದೇ ಗೇಮ್ ಆರಿಸಿಕೊಳ್ಳಿ

ನೂರಾರು ಹಳೇ ಗೇಮ್‌ಗಳನ್ನು ಒಟ್ಟಿಗೇ ತುಂಬಿಕೊಂಡು ಕೂತರೆ ಯಾವುದನ್ನೂ ನೆಟ್ಟಗೆ ಆಡುವುದಿಲ್ಲ. ಐದು ನಿಮಿಷ ಇದು, ಮೂರು ನಿಮಿಷ ಅದು. ಕೊನೆಗೆ ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ. ಒಂದನ್ನು ಆರಿಸಿ, ಒಂದು ವಾರ ಅದನ್ನೇ ಆಡಿ.

ಮನಸ್ಸಿನಲ್ಲಿ ಉಳಿದ ಗೇಮ್ ಇದ್ದರೆ ಅದೇ ಆಗಲಿ. ಇಲ್ಲದಿದ್ದರೆ ನಿಯಮ ಸರಳವಾಗಿರುವುದನ್ನು ಹಿಡಿಯಿರಿ: 1980ರ ಪ್ಯಾಕ್-ಮ್ಯಾನ್, 1985ರ ಸೂಪರ್ ಮಾರಿಯೊ ಬ್ರದರ್ಸ್, 1989ರ ಪ್ರಿನ್ಸ್ ಆಫ್ ಪರ್ಷಿಯಾ. 1990ರ ದಶಕದ ತ್ರಿಡಿ ಗೇಮ್‌ಗಳಿಗೆ ಮೊದಲೇ ಕೈ ಹಾಕಬೇಡಿ ಎಂಬುದು ನನ್ನ ಸಲಹೆ. ಕ್ಯಾಮೆರಾ ಎಲ್ಲಿರಬೇಕು, ಹೇಗೆ ತಿರುಗಬೇಕು ಎಂಬುದನ್ನು ಗೇಮ್ ಮಾಡುವವರೇ ಇನ್ನೂ ಕಲಿಯುತ್ತಿದ್ದ ಕಾಲ ಅದು. ಮೊದಲ ಪ್ಲೇಸ್ಟೇಷನ್‌ನ ಗೇಮ್‌ಗಳಲ್ಲಿ ಗೋಡೆ, ನೆಲ ಸೊಟ್ಟಗಾಗಿ ಅಲುಗಾಡಿದಂತೆ ಕಂಡರೆ ಟೀವಿ ಕೆಟ್ಟಿದೆ ಅಂದುಕೊಳ್ಳಬೇಡಿ. ಹತ್ತಿರ, ದೂರಕ್ಕೆ ತಕ್ಕಂತೆ ಮೇಲ್ಮೈಯ ಚಿತ್ರವನ್ನು ಹೊಂದಿಸುವ ಶಕ್ತಿ ಆ ಯಂತ್ರಕ್ಕೇ ಇರಲಿಲ್ಲ.

2. ಸರಿಯಾದ ದಾರಿಯಲ್ಲಿ ಪಡೆಯಿರಿ

ಕಂಪ್ಯೂಟರ್‌ನ ಹಳೇ ಗೇಮ್‌ಗಳಿಗೆ 2008ರಲ್ಲಿ ಶುರುವಾದ ಜಿಒಜಿ ಎಂಬ ಆನ್‌ಲೈನ್ ಅಂಗಡಿ ಒಳ್ಳೆಯ ಜಾಗ. ಡಾಸ್ (ವಿಂಡೋಸ್‌ಗೆ ಮುಂಚಿನ ಕಂಪ್ಯೂಟರ್ ವ್ಯವಸ್ಥೆ) ಕಾಲದ ಗೇಮ್ ಕೊಂಡರೆ ಅದನ್ನು ಓಡಿಸುವ ಡಾಸ್‌ಬಾಕ್ಸ್ ತಂತ್ರಾಂಶವನ್ನೂ ಸಾಮಾನ್ಯವಾಗಿ ಜೊತೆಗೇ ಹೊಂದಿಸಿ ಕೊಡುತ್ತಾರೆ. ನಿಂಟೆಂಡೊ ತನ್ನ ಹಳೇ ಗೇಮ್‌ಗಳನ್ನು ಸ್ವಿಚ್ ಯಂತ್ರದ ಆನ್‌ಲೈನ್ ಸೇವೆಯ ಚಂದಾದಾರರಿಗೆ ಕೊಡುತ್ತದೆ. ಹಳೇ ಸರಣಿಗಳನ್ನು ಒಂದೇ ಕಟ್ಟಾಗಿ ಮಾರುವ ಕಂಪನಿಗಳೂ ಇವೆ. ದುಡ್ಡು ಕೊಡದೆ ಆರಂಭಿಸಬೇಕೆಂದರೆ 1994ರ ಬಿನೀತ್ ಎ ಸ್ಟೀಲ್ ಸ್ಕೈ ಇದೆ. ಅದನ್ನು ಮಾಡಿದವರೇ 2003ರಲ್ಲಿ ಉಚಿತವಾಗಿ ಬಿಟ್ಟುಕೊಟ್ಟರು. ಸ್ಕಮ್‌ವಿಎಂ ಎಂಬ ತಂತ್ರಾಂಶದಲ್ಲಿ ಅದು ಇಂದಿಗೂ ಚೆನ್ನಾಗಿ ಓಡುತ್ತದೆ.

ಎಮ್ಯುಲೇಟರ್ ಬಗ್ಗೆ ಗೊಂದಲ ಜಾಸ್ತಿ. ಹಳೇ ಯಂತ್ರದಂತೆ ನಡೆದುಕೊಳ್ಳುವ ತಂತ್ರಾಂಶ ಬೇರೆ, ಅದರಲ್ಲಿ ಓಡುವ ಗೇಮ್‌ನ ಪ್ರತಿ ಬೇರೆ. ಗೇಮ್‌ಗೆ ಹಕ್ಕುಸ್ವಾಮ್ಯ ಇದೆ. ಅನುಮತಿ ಇಲ್ಲದೆ ಹಂಚಿದ್ದನ್ನು ಇಳಿಸಿಕೊಳ್ಳುವುದು, ಗೇಮ್ ಎಷ್ಟೇ ಹಳೆಯದಾದರೂ, ಆ ಹಕ್ಕನ್ನು ಮುರಿದಂತೆ. ಆದರೆ ಇನ್ನೊಂದು ನಿಜವನ್ನೂ ಹೇಳಲೇಬೇಕು. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲೇ ಇಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಅಧ್ಯಯನ ಮಾಡಿ ಹೇಳಿತು. ಅದೇ ವರ್ಷದ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವಿ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. ಕೊಳ್ಳಲು ಸಿದ್ಧರಿದ್ದರೂ ಸಿಗದ ಸ್ಥಿತಿ ನಿಜಕ್ಕೂ ನೋವಿನದು. ಸಿಗುತ್ತಿರುವುದನ್ನಾದರೂ ಕೊಂಡು ಆಡೋಣ.

3. ಪರದೆಯನ್ನು ಸರಿಮಾಡಿಕೊಳ್ಳಿ

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಅರ್ಧಕ್ಕರ್ಧ ಬೇಸರ ಇಲ್ಲೇ ಕಳೆಯುತ್ತದೆ.

ಮೊದಲು ಚಿತ್ರದ ಆಕಾರ. ಹಳೇ ಟೀವಿ, ಮಾನಿಟರ್‌ಗಳ ಅಗಲ ಮತ್ತು ಎತ್ತರ 4:3 ಅನುಪಾತದಲ್ಲಿದ್ದವು. ಅದನ್ನು ಈಗಿನ ಅಗಲ ಪರದೆಯ ತುಂಬ ಎಳೆದರೆ ಪಾತ್ರಗಳೆಲ್ಲ ದಪ್ಪಗೆ ಕಾಣುತ್ತವೆ. ಎಡಬಲಕ್ಕೆ ಕಪ್ಪು ಪಟ್ಟಿ ಉಳಿದರೆ ಉಳಿಯಲಿ, ಎಳೆಯುವ ಆಯ್ಕೆಯನ್ನು ತೆಗೆದುಬಿಡಿ. ಡಾಸ್ ಗೇಮ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವುಗಳಲ್ಲಿ ಬಹಳಷ್ಟು 320×200 ಪಿಕ್ಸೆಲ್‌ನವು. ಲೆಕ್ಕ ಹಾಕಿದರೆ ಇದು 4:3ಕ್ಕಿಂತ ಅಗಲ. ಆ ಕಾಲದ ಮಾನಿಟರ್ ಇದನ್ನು ಮೇಲೆ ಕೆಳಗೆ ಎಳೆದು 4:3 ಮಾಡುತ್ತಿತ್ತು. ಅಂದರೆ ಒಂದೊಂದು ಪಿಕ್ಸೆಲ್ಲೂ ಅಗಲಕ್ಕಿಂತ ಎತ್ತರ ಜಾಸ್ತಿ ಇರುತ್ತಿತ್ತು. ಕಲಾವಿದರು ಅದನ್ನು ನೋಡಿಕೊಂಡೇ ಚಿತ್ರ ಬರೆದರು. ಈಗ ಚೌಕ ಪಿಕ್ಸೆಲ್‌ನಲ್ಲಿ ತೋರಿಸಿದರೆ ಮುಖಗಳು ಅಮುಕಿದಂತೆ ಕಾಣುತ್ತವೆ. ಡಾಸ್‌ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ‘ಆಸ್ಪೆಕ್ಟ್’ ಎಂಬ ಸಾಲನ್ನು ‘ಟ್ರೂ’ ಮಾಡಿ. ವೃತ್ತ ಮತ್ತೆ ವೃತ್ತವಾಗುತ್ತದೆ.

ಆಮೇಲೆ ಮಸುಕು. ನಿಂಟೆಂಡೊದ ಎನ್‌ಇಎಸ್ ಕನ್ಸೋಲ್‌ನ (ಟೀವಿಗೆ ಜೋಡಿಸುವ ಗೇಮ್ ಯಂತ್ರ) ಚಿತ್ರದ ಎತ್ತರ 240 ಗೆರೆ. 1080 ಗೆರೆಗಳ ಪರದೆಗೆ ಅದನ್ನು ಹಿಗ್ಗಿಸಿದರೆ ನಾಲ್ಕೂವರೆ ಪಟ್ಟಾಗುತ್ತದೆ. ಆ ಅರ್ಧ ಪಟ್ಟಿನಿಂದಲೇ ಕೆಲವು ಪಿಕ್ಸೆಲ್ ದಪ್ಪ, ಕೆಲವು ಸಣ್ಣ. ‘ಇಂಟಿಜರ್ ಸ್ಕೇಲಿಂಗ್’ ಆನ್ ಮಾಡಿದರೆ ಸರಿಯಾಗಿ ನಾಲ್ಕು ಪಟ್ಟು ಹಿಗ್ಗಿ 960 ಗೆರೆಗೆ ನಿಲ್ಲುತ್ತದೆ. ಚಿತ್ರ ಚೂಪಾಗುತ್ತದೆ.

ಹಾಗಂತ ಚೂಪಾದದ್ದೇ ಸರಿ ಎನ್ನಲಾಗದು. 1991ರ ಸೋನಿಕ್‌ನ ಮೊದಲ ಹಂತದ ಜಲಪಾತವನ್ನೇ ಹತ್ತಿರದಿಂದ ನೋಡಿ. ಈಗಿನ ಪರದೆಯಲ್ಲಿ ಅದು ಒಂದು ಬಿಟ್ಟು ಒಂದು ನಿಂತ ಉದ್ದುದ್ದ ಗೆರೆಗಳ ಸಾಲು. ಹಳೇ ಟೀವಿಗೆ ಕಾಂಪೊಸಿಟ್ ಕೇಬಲ್‌ನಲ್ಲಿ (ಇಡೀ ಚಿತ್ರ ಒಂದೇ ತಂತಿಯಲ್ಲಿ ಹೋಗುವ ಬಗೆ) ಜೋಡಿಸಿದಾಗ ಆ ಗೆರೆಗಳು ಒಂದಕ್ಕೊಂದು ಕಲೆತು, ಹಿಂದಿನ ಬಂಡೆ ಕಾಣುವಂಥ ತೆಳು ನೀರಾಗುತ್ತಿದ್ದವು. ಎಮ್ಯುಲೇಟರ್‌ಗಳಲ್ಲಿ, ಈಗ ಮಾರುವ ಎಷ್ಟೋ ಸಂಗ್ರಹಗಳಲ್ಲಿ ಹಳೇ ಡಬ್ಬಾ ಟೀವಿಯ ಚಿತ್ರವನ್ನು ಅನುಕರಿಸುವ ‘ಸಿಆರ್‌ಟಿ ಫಿಲ್ಟರ್’ ಇರುತ್ತದೆ. ಒಮ್ಮೆ ಹಾಕಿ, ಒಮ್ಮೆ ತೆಗೆದು ನೋಡಿ. ನನಗಂತೂ ಟೀವಿಗೆಂದು ಮಾಡಿದ ಗೇಮ್‌ಗಳಲ್ಲಿ ಫಿಲ್ಟರ್ ಬೇಕೇ ಬೇಕು. ಗೇಮ್ ಬಾಯ್‌ನಂಥ ಕೈಯಂತ್ರದ ಗೇಮ್‌ಗಳಿಗೆ ಅದು ಬೇಡ, ಅವು ಮೊದಲಿನಿಂದಲೂ ಎಲ್‌ಸಿಡಿಯವು.

ಎರಡು ಆವೃತ್ತಿ ಸಿಕ್ಕರೆ 60 ಹರ್ಟ್ಸ್‌ನದ್ದನ್ನೇ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವುದನ್ನೇ ಆರಿಸಿ. ಯುರೋಪಿನ ಆಗಿನ ಟೀವಿಗಳು 50 ಹರ್ಟ್ಸ್‌ನವು. ಅಲ್ಲಿಗೆ ಹೋದ ಎಷ್ಟೋ ಗೇಮ್‌ಗಳನ್ನು ಹೊಂದಿಸದೇ ಮಾರಿದ್ದರಿಂದ ಓಟವೂ ಸಂಗೀತವೂ ಸುಮಾರು ಶೇ 17ರಷ್ಟು ನಿಧಾನ.

4. ಬಟನ್ ಮತ್ತು ಜಿಗಿತದ ನಡುವಿನ ತಡ

ಹಳೇ ಕನ್ಸೋಲ್ ಚಿತ್ರವನ್ನು ಗೆರೆ ಗೆರೆಯಾಗಿ ನೇರ ಟೀವಿಗೆ ಕಳಿಸುತ್ತಿತ್ತು, ಟೀವಿ ಬಂದದ್ದನ್ನು ಬಂದ ಹಾಗೇ ತೋರಿಸುತ್ತಿತ್ತು. ಈಗಿನ ಟೀವಿ ಚಿತ್ರವನ್ನು ಹಿಡಿದಿಟ್ಟುಕೊಂಡು, ತಿದ್ದಿ ತೀಡಿ ತೋರಿಸುತ್ತದೆ. ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 17 ಮಿಲಿಸೆಕೆಂಡ್‌ಗೂ ಕಡಿಮೆ. ನಾಲ್ಕೈದು ಫ್ರೇಮ್ ತಡವಾದರೂ ಕೈಗೆ ಗೊತ್ತಾಗಿಬಿಡುತ್ತದೆ. ಟೀವಿಯ ಮೆನುವಿನಲ್ಲಿ ‘ಗೇಮ್ ಮೋಡ್’ ಹಾಕಿ. ಚಿತ್ರ ನುಣುಪು ಮಾಡುವ ಆಯ್ಕೆಗಳನ್ನೆಲ್ಲ ತೆಗೆಯಿರಿ. ಸಾಧ್ಯವಾದರೆ ವೈರ್ ಇರುವ ಕಂಟ್ರೋಲರ್ ಬಳಸಿ.

ಕಂಟ್ರೋಲರ್‌ನಲ್ಲೂ ಹೆಬ್ಬೆರಳು ಇಡಬೇಕಾದ್ದು ತಿರುಗುವ ಕಡ್ಡಿಯ ಮೇಲಲ್ಲ, ಅಧಿಕ ಚಿಹ್ನೆಯ ಆಕಾರದ ಡಿ-ಪ್ಯಾಡ್ ಮೇಲೆ. ನಿಂಟೆಂಡೊದ ಗುನ್‌ಪೇ ಯೊಕೊಯಿ 1982ರ ಡಾಂಕಿ ಕಾಂಗ್ ಕೈಯಂತ್ರಕ್ಕೆ ಅದನ್ನು ರೂಪಿಸಿದರು. ಆಮೇಲಿನ ಕನ್ಸೋಲ್ ಗೇಮ್‌ಗಳು ಬಹುಪಾಲು ಅದನ್ನೇ ನೆಚ್ಚಿಕೊಂಡವು.

5. ಕೈಪಿಡಿ ಓದಿ

ಸೂಪರ್ ಮಾರಿಯೊ ಬ್ರದರ್ಸ್ ಇಡೀ ಗೇಮ್ 40 ಕಿಲೊಬೈಟ್. ಅಷ್ಟು ಜಾಗದಲ್ಲಿ ಪಾಠ ಹೇಳಿಕೊಡಲು ಎಡೆ ಎಲ್ಲಿ? ಪೊದೆ ಮತ್ತು ಮೋಡಕ್ಕೆ ಒಂದೇ ಚಿತ್ರ ಬಳಸಿ, ಬಣ್ಣ ಬದಲಿಸಿ ಜಾಗ ಉಳಿಸಿದ ಗೇಮ್ ಅದು. ಹಾಗಾಗಿ ಹೇಳಬೇಕಾದದ್ದೆಲ್ಲ ಡಬ್ಬದೊಳಗಿನ ಪುಸ್ತಕಕ್ಕೆ ಹೋಗುತ್ತಿತ್ತು. ಇಂದು ಪುಸ್ತಕ ನೋಡದೆ ಆಡಿ, ‘ಏನೂ ಅರ್ಥವಾಗುವುದಿಲ್ಲ’ ಎಂದು ಬಿಡುತ್ತೇವೆ. ಜಿಒಜಿಯಲ್ಲಿ ಕೊಂಡ ಹಲವು ಗೇಮ್‌ಗಳ ಜೊತೆ ಕೈಪಿಡಿಯ ಪಿಡಿಎಫ್ ಬರುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲೂ ಹುಡುಕಬಹುದು.

ಪ್ರಿನ್ಸ್ ಆಫ್ ಪರ್ಷಿಯಾ ನೋಡಿ. ಡಾಸ್ ಆವೃತ್ತಿಯಲ್ಲಿ ಶಿಫ್ಟ್ ಒತ್ತಿಕೊಂಡು ಬಾಣದ ಗುಂಡಿ ಒತ್ತಿದರೆ ರಾಜಕುಮಾರ ಹುಷಾರಾಗಿ ಒಂದೇ ಹೆಜ್ಜೆ ಇಡುತ್ತಾನೆ. ನೆಲದಿಂದ ಏಳುವ ಮುಳ್ಳುಗಳ ನಡುವೆ ಹೀಗೆ ಹೋದರೆ ಏನೂ ಆಗದು, ಓಡಿದರೆ ಸತ್ತ. ಅಂಚು ಹಿಡಿದು ನೇತಾಡುವುದಕ್ಕೂ, ಕತ್ತಿ ಎತ್ತಿಕೊಳ್ಳುವುದಕ್ಕೂ ಅದೇ ಶಿಫ್ಟ್. ಇದೊಂದು ಗೊತ್ತಿಲ್ಲದೆ ಮೊದಲ ಹಂತದಲ್ಲೇ ಕೈಬಿಟ್ಟವರು ಬಹಳ ಜನ. ಅವನು ಓಡುತ್ತಾ ಬಂದು ತಟ್ಟನೆ ನಿಲ್ಲುವುದಿಲ್ಲ, ಎರಡು ಹೆಜ್ಜೆ ಜಾರುತ್ತಾನೆ. ಗೇಮ್ ಮಾಡಿದ ಜೋರ್ಡನ್ ಮೆಕ್ನರ್ ತಮ್ಮನನ್ನು ಓಡಿಸಿ, ಜಿಗಿಸಿ ವಿಡಿಯೊ ತೆಗೆದು, ಅದರ ಮೇಲೆ ಚಿತ್ರ ಬರೆದರು. ಮನುಷ್ಯನ ಮೈಗಿರುವ ಭಾರ ಆ ಚಿತ್ರಕ್ಕೂ ಬಂತು. ಮಾರಿಯೊ ಥರ ಆಡಿಸಲು ಹೋದರೆ ಸಿಟ್ಟು ಬರುತ್ತದೆ. ಅವನ ನಡಿಗೆಗೆ ನೀವು ಹೊಂದಿಕೊಂಡರೆ ಕುಣಿದಷ್ಟು ಖುಷಿ.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ನೆಲಮಾಳಿಗೆಗಳಲ್ಲಿ ಅಲೆಯುವ ಗೇಮ್‌ಗಳಿಗೆ ನಕ್ಷೆ ನೀವೇ ಬರೆದುಕೊಳ್ಳಬೇಕು. ಅದೂ ಆಟದ ಭಾಗವೇ.

6. ಸಾಯಿರಿ, ಆದರೆ ನೋಡಿಕೊಂಡು ಸಾಯಿರಿ

ಪ್ಯಾಕ್-ಮ್ಯಾನ್‌ನ ನಾಲ್ಕು ದೆವ್ವಗಳು ಸುಮ್ನೆ ಅಡ್ಡಾಡುತ್ತವೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಈ ಗೇಮ್ ರೂಪಿಸಿದ ತೊರು ಇವಾತಾನಿ ಅವಕ್ಕೆ ಒಂದೊಂದು ಸ್ವಭಾವ ಕೊಟ್ಟಿದ್ದಾರೆ. ಕೆಂಪು ದೆವ್ವ ನೀವಿರುವ ಜಾಗಕ್ಕೇ ಬರುತ್ತದೆ. ಗುಲಾಬಿ ದೆವ್ವ ನಿಮ್ಮ ಮುಂದಿನ ನಾಲ್ಕು ಮನೆ ಆಚೆಗೆ ಗುರಿ ಇಟ್ಟು ದಾರಿ ಕಟ್ಟುತ್ತದೆ. ನೀಲಿಯದ್ದು ಕೆಂಪು ಎಲ್ಲಿದೆ ಎಂಬುದನ್ನೂ ನೋಡಿಕೊಂಡು ಹಾಕುವ ಲೆಕ್ಕ. ಕಿತ್ತಳೆ ದೆವ್ವ ದೂರದಿಂದ ನುಗ್ಗಿ ಬಂದು, ಹತ್ತಿರವಾದ ಕೂಡಲೇ ತನ್ನ ಮೂಲೆಗೆ ಓಡುತ್ತದೆ. ಒಂದು ಆಟವನ್ನು ಅಂಕದ ಆಸೆ ಬಿಟ್ಟು, ಗುಲಾಬಿ ದೆವ್ವವನ್ನು ಮಾತ್ರ ನೋಡುತ್ತಾ ಆಡಿ. ಅದರತ್ತ ಮುಖ ಮಾಡಿ ನುಗ್ಗಿದರೆ ಎಷ್ಟೋ ಸಲ ಅದು ಪಕ್ಕಕ್ಕೆ ತಿರುಗಿಬಿಡುತ್ತದೆ, ಏಕೆಂದರೆ ಅದರ ಗುರಿ ಈಗ ಅದರ ಬೆನ್ನ ಹಿಂದಿದೆ! ಇನ್ನೊಂದು ಉಪಾಯ: ತಿರುವಿಗೆ ಸ್ವಲ್ಪ ಮೊದಲೇ ದಿಕ್ಕು ಒತ್ತಿ. ಪ್ಯಾಕ್-ಮ್ಯಾನ್ ಮೂಲೆಯನ್ನು ಅಡ್ಡ ಕತ್ತರಿಸಿಕೊಂಡು ಹೋಗುತ್ತಾನೆ, ದೆವ್ವಗಳಿಗೆ ಅದು ಆಗದು.

ಈಗಿನ ಮರುಬಿಡುಗಡೆಗಳಲ್ಲಿ ಹಿಂದಕ್ಕೆ ಓಡಿಸುವ ‘ರಿವೈಂಡ್’, ಬೇಕೆಂದಲ್ಲಿ ಉಳಿಸುವ ‘ಸೇವ್ ಸ್ಟೇಟ್’ ಇರುತ್ತವೆ. ಬಳಸಲು ನಾಚಿಕೆ ಬೇಡ. ನಾಣ್ಯ ಹಾಕಿ ಆಡುತ್ತಿದ್ದ ಯಂತ್ರಗಳ ಗೇಮ್‌ಗಳಲ್ಲಿ ನಾಣ್ಯ ನುಂಗಲೆಂದೇ ಮಾಡಿದ ಕಷ್ಟಗಳಿವೆ. 1985ರ ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಅನ್ನು ಪೂರ್ತಿ ಮುಗಿಸಿದ ಮೇಲೆ, ನಿಜವಾದ ಕೊನೆ ನೋಡಲು ಮತ್ತೆ ಮೊದಲಿನಿಂದ ಆಡಬೇಕು. ಆದರೆ ಪ್ರತಿ ಜಿಗಿತಕ್ಕೂ ಉಳಿಸುತ್ತಾ ಹೋದರೆ ಕೈಗೆ ಏನೂ ಬರುವುದಿಲ್ಲ. ಹಂತದ ಆರಂಭದಲ್ಲಿ ಒಮ್ಮೆ ಉಳಿಸಿ, ನಡುವೆ ಬೇಡ. ಕಷ್ಟ ಹಾಗೇ ಉಳಿಯುತ್ತದೆ, ಮತ್ತೆ ಮೊದಲಿಂದ ನಡೆದುಬರುವ ದಣಿವು ಮಾತ್ರ ಹೋಗುತ್ತದೆ.

ಹಳೇ ಗೇಮ್‌ಗಳಲ್ಲಿ ಕಾಣುವುದೆಲ್ಲ ಕಂಡಾಯಿತು ಅನ್ನುವವರಿಗೆ ಒಂದು ಸಂಗತಿ. ನಿಂಟೆಂಡೊ ಎನ್‌ಇಎಸ್‌ನ 1989ರ ಟೆಟ್ರಿಸ್ ಅನ್ನು ಯಂತ್ರವೇ ನಿಂತುಹೋಗುವ ತನಕ ಆಡಿದ ಮೊದಲ ಮನುಷ್ಯ 13 ವರ್ಷದ ಹುಡುಗ. ಅದು ನಡೆದದ್ದು 2023ರ ಡಿಸೆಂಬರ್‌ನಲ್ಲಿ.

7. ಹಳೇ ಕಾರ್ಟ್ರಿಡ್ಜ್ ಮನೆಯಲ್ಲಿದ್ದರೆ

ಗೇಮ್ ತುಂಬಿಟ್ಟ, ಯಂತ್ರಕ್ಕೆ ಸಿಕ್ಕಿಸುವ ಆ ಪ್ಲಾಸ್ಟಿಕ್ ಡಬ್ಬಿಯನ್ನು ಬಾಯಿಂದ ಊದಬೇಡಿ. ಉಸಿರಿನ ತೇವ ಲೋಹದ ಪಟ್ಟಿಗಳಿಗೆ ಒಳ್ಳೆಯದಲ್ಲ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಒಣಗಿದ ಮೇಲೆ ಹಾಕಿ. ಆಟ ಉಳಿಸುವ ಕಾರ್ಟ್ರಿಡ್ಜ್‌ಗಳಲ್ಲಿ ಅನೇಕವುಗಳ ಒಳಗೆ ನಾಣ್ಯದಂಥ ಬ್ಯಾಟರಿ ಇರುತ್ತದೆ. ಅದನ್ನು ತೆಗೆದರೆ ಉಳಿಸಿಟ್ಟ ಆಟ ಹೋದಂತೆ. ಬದಲಿಸುವ ಮೊದಲು ಕಾರ್ಟ್ರಿಡ್ಜ್ ಓದುವ ಸಾಧನದಿಂದ ಕಂಪ್ಯೂಟರ್‌ಗೆ ಪ್ರತಿ ಮಾಡಿಕೊಳ್ಳಿ.

8. ಹಳೇ ಉಡುಗೆಯ ಹೊಸ ಗೇಮ್

ಹಳೆಯದನ್ನು ಆಡಿದ ವಾರವೇ ಅದರ ದಾರಿಯಲ್ಲಿ ಬಂದ ಹೊಸದೊಂದನ್ನು ಆಡಿ. 2014ರ ಶವೆಲ್ ನೈಟ್ ಮೊದಲ ನೋಟಕ್ಕೆ ನಿಂಟೆಂಡೊದ ಹಳೇ ಗೇಮ್ ಥರವೇ ಇದೆ. ಆದರೆ ಅಗಲ ಪರದೆ ತುಂಬುತ್ತದೆ, ಹಳೇ ಯಂತ್ರದಲ್ಲಿಲ್ಲದ ಒಂದೆರಡು ಬಣ್ಣ ಸೇರಿವೆ. ಒಂದು ಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಚಿತ್ರತುಣುಕು ಬಂದರೆ ಹಳೇ ಯಂತ್ರದಲ್ಲಿ ಅವು ಮಿಟುಕುತ್ತಿದ್ದವು, ಇಲ್ಲಿ ಆ ಕಾಟವಿಲ್ಲ. ನೆನಪಿನಲ್ಲಿ ಹಳೇ ಗೇಮ್ ಹೇಗಿತ್ತೋ ಹಾಗೆ ಮಾಡಿದ್ದಾರೆ. ನನಗೆ ಅದು ಬಹಳ ಇಷ್ಟ.

2018ರ ಸೆಲೆಸ್ಟ್‌ನಲ್ಲಿ ವ್ಯತ್ಯಾಸ ಕಣ್ಣಿಗಿಂತ ಕೈಗೆ ಗೊತ್ತಾಗುತ್ತದೆ. ಬಂಡೆಯ ಅಂಚು ದಾಟಿದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಿಗಿಯಲು ಬಿಡುತ್ತದೆ. ಸ್ವಲ್ಪ ತಡವಾಗಿ ಒತ್ತಿದರೂ ಬೀಳುವುದಿಲ್ಲ. ನೀವು ನಿಖರವಾಗಿ ಆಡಿದಿರಿ ಅನ್ನಿಸುತ್ತದೆ, ನಿಜದಲ್ಲಿ ಗೇಮ್ ನಿಮ್ಮ ಕೈ ಹಿಡಿದಿರುತ್ತದೆ.

ಇದನ್ನು ಪರೀಕ್ಷಿಸಿಯೇ ನೋಡಬಹುದು. ಸೆಲೆಸ್ಟ್ ಮೊದಲು ಹುಟ್ಟಿದ್ದು ಪಿಕೊ-8ರಲ್ಲಿ, ನಾಲ್ಕು ದಿನಗಳಲ್ಲಿ. ಪಿಕೊ-8 ಎಂಬುದು ಎಂದೂ ಇಲ್ಲದಿದ್ದ ಒಂದು ಪುಟ್ಟ ಕನ್ಸೋಲ್ ಅನ್ನು ಕಲ್ಪಿಸಿಕೊಂಡು ಮಾಡಿದ ತಂತ್ರಾಂಶ: 128×128 ಪಿಕ್ಸೆಲ್, 16 ಬಣ್ಣ. ಅದರಲ್ಲಿ ಬೇರೆಯವರು ಮಾಡಿದ ಗೇಮ್‌ನ ಕೋಡ್ ತೆರೆದು ಓದಬಹುದು, ತಿದ್ದಬಹುದು. ಆ ಮೊದಲ ಸೆಲೆಸ್ಟ್ ತೆರೆದು, ‘ಗ್ರೇಸ್’ ಎಂಬ ಹೆಸರಿಗೆ 6 ಕೊಟ್ಟಿರುವ ಸಾಲನ್ನು ಹುಡುಕಿ. ಅಂಚು ದಾಟಿದ ಮೇಲೆ ಎಷ್ಟು ಫ್ರೇಮ್ ರಿಯಾಯಿತಿ ಎಂಬುದನ್ನು ಅದು ನಿರ್ಧರಿಸುತ್ತದೆ. 0 ಮಾಡಬೇಡಿ, ನೆಲದ ಮೇಲೆ ನಿಂತಿದ್ದರೂ ಜಿಗಿಯಲಾಗದು. 6 ಅಳಿಸಿ 1 ಬರೆಯಿರಿ, ಅದೇ ಹಂತವನ್ನು ಮತ್ತೆ ಆಡಿ.